ತಪ್ಪಿಹೋದ ಒಂಬತ್ತನೇ ಕಂತು

ಡೆನ್ಮಾರ್ಕಿನ ರಾಜಕೀಯ ಧಾರಾವಾಹಿ ‘ಬೋರ್ಗನ್’ನ ಮೊದಲ ಸೀಸನ್ನಿನ ಹತ್ತನೇ ಕಂತು ಹಾಕಿಕೊಂಡು ಕೂತಿದ್ದೆ. ಕಾಲು ಗಂಟೆಯೂ ಆಗಿರಲಿಲ್ಲ, ಏನೋ ತಾಳೆಯಾಗುತ್ತಿಲ್ಲ ಅನ್ನಿಸಿತು. ಪ್ರಧಾನಿ ಬಿರ್ಗಿಟ್ಟೆ ನ್ಯೂಬೋರ್‌ಗೂ ಅವಳ ಗಂಡ ಫಿಲಿಪ್‌ಗೂ ಇರುಸುಮುರುಸು ಇರುವುದು ಗೊತ್ತಿದ್ದ ವಿಷಯವೇ. ಆದರೆ ಇಬ್ಬರೂ ಇಷ್ಟು ದೂರ ಹೋಗಿದ್ದು ಯಾವಾಗ? ಪಕ್ಕದಲ್ಲಿದ್ದ ಅಕ್ಕನನ್ನು ಕೇಳಿದೆ: “ಇವನಿಗೆ ಇದ್ದಕ್ಕಿದ್ದ ಹಾಗೆ ಏನಾಯ್ತಕ್ಕಾ?”

ಅವಳು ಮೊದಲೇ ಒಂದು ಸಲ ಪೂರ್ತಿ ನೋಡಿ ಮುಗಿಸಿದವಳು. “ಅವನು ಕೆಲಸ ಬಿಟ್ಟಿದ್ದು ನೋಡಿದ್ಯಲ್ಲ?” ಅಂದಳು.

“ಬಿಟ್ನಾ?”

“ಹಾಗಾದ್ರೆ ಒಂಬತ್ತು ನೋಡೇ ಇಲ್ಲ ನೀನು. ನಿಲ್ಸು ಮೊದ್ಲು, ಮುಂದಕ್ಕೆ ಹೋಗ್ಬೇಡ.”

ಆಗಿದ್ದು ಇಷ್ಟು. ಹಿಂದಿನ ರಾತ್ರಿ ಎಂಟನೇ ಕಂತು ಮುಗಿಯುವ ಹೊತ್ತಿಗೆ ನನಗೆ ಕಣ್ಣು ಹತ್ತಿತ್ತು. ಆ್ಯಪ್ ತಾನಾಗಿಯೇ ಒಂಬತ್ತನ್ನು ಶುರುಮಾಡಿ, ಕೊನೆವರೆಗೂ ಓಡಿಸಿ, ‘ನೋಡಿದೆ’ ಎಂದು ಗುರುತು ಹಾಕಿಬಿಟ್ಟಿತ್ತು. ಮಾರನೇ ದಿನ ತೆರೆದಾಗ ನೇರವಾಗಿ ಹತ್ತು ಮುಂದೆ ಬಂತು. ನಾನೂ ಕಂತಿನ ಸಂಖ್ಯೆ ನೋಡದೆ ಒತ್ತಿದೆ. ಹಿಂದಿನ ಕಂತುಗಳ ತುಣುಕುಗಳನ್ನು ಸೇರಿಸಿ ಮೊದಲಿಗೆ ತೋರಿಸುತ್ತಾರಲ್ಲ, ಅದನ್ನು ನಂಬಿದ್ದೂ ಒಂದು ಕಾರಣ. ಆ ತುಣುಕುಗಳು ಈಗಾಗಲೇ ನೋಡಿದವರಿಗೆ ನೆನಪು ಮಾಡಿಕೊಡುತ್ತವೆ, ನೋಡದವರಿಗೆ ಕಥೆ ಹೇಳುವುದಿಲ್ಲ. ಅದು ನನಗೆ ಅವತ್ತು ಅರ್ಥವಾಯಿತು.

ಮುಂದೆ ಓದುವವರಿಗೆ ಒಂದು ಮಾತು: ಮೊದಲ ಸೀಸನ್ನಿನ ಕೊನೆ ಏನಾಗುತ್ತದೆ ಅನ್ನುವುದು ಇಲ್ಲಿ ಬರುತ್ತದೆ.

ಅಕ್ಕ ನಿಲ್ಲಿಸು ಅಂದರೂ ನಾನು ಮೊದಲು ಹಿಡಿದದ್ದು ಹತ್ತಿರದ ದಾರಿ. ಫೋನಿನಲ್ಲಿ ಒಂಬತ್ತನೇ ಕಂತಿನ ಸಾರಾಂಶ ಹುಡುಕಿ ಓದಿದೆ. ಸರ್ಕಾರ ಹೊಸ ಯುದ್ಧವಿಮಾನಗಳನ್ನು ಕೊಳ್ಳಲು ಹೊರಟಿದೆ. ಫಿಲಿಪ್ ಹೊಸದಾಗಿ ಸೇರಿದ ಕಂಪನಿ ಆ ಖರೀದಿಯಲ್ಲಿ ಉಪಗುತ್ತಿಗೆದಾರ ಎಂದು ತಿಳಿಯುತ್ತದೆ. ಅವನು ಕೆಲಸ ಬಿಡಬೇಕಾಗುತ್ತದೆ. ಓದುವುದಕ್ಕೆ ಒಂದು ನಿಮಿಷ ಸಾಕಾಯಿತು. ಘಟನೆಗಳೆಲ್ಲ ಗೊತ್ತಾದವು. ಮತ್ತೆ ಹತ್ತನೇ ಕಂತು ಹಾಕಿದೆ. ಏನೂ ಬದಲಾಗಲಿಲ್ಲ. ಫಿಲಿಪ್ ಮೇಲೆ ನನಗೆ ಸಿಟ್ಟೇ ಬರುತ್ತಿತ್ತು. ದೇಶ ನಡೆಸುವ ಹೆಂಡತಿಗಾಗಿ ಒಂದು ಕೆಲಸ ಬಿಟ್ಟರೆ ಇಷ್ಟೆಲ್ಲ ಮುನಿಸೇ ಅನ್ನಿಸುತ್ತಿತ್ತು. ಅಂದರೆ ಸಾರಾಂಶ ಓದಿದ ಮೇಲೂ ನಾನು ಒಂಬತ್ತನ್ನು ನೋಡದವಳಾಗಿಯೇ ಉಳಿದಿದ್ದೆ. ಆಗ ನಿಲ್ಲಿಸಿದೆ.

ಎಲ್ಲಿಂದ ತಪ್ಪಿತು ಅನ್ನುವುದನ್ನು ಕಂಡುಹಿಡಿಯುವ ಕೆಲಸ ಮೊದಲು. ಎಂಟನೇ ಕಂತಿನ ಕೊನೆಯ ಹತ್ತು ನಿಮಿಷಕ್ಕೆ ಹೋದೆ. ಅದರಲ್ಲಿ ಅರ್ಧ ನೆನಪಿತ್ತು, ಅರ್ಧ ಇರಲಿಲ್ಲ. ಆ ಅರ್ಧ ನೋಡಿ ಮುಗಿಸಿ, ಒಂಬತ್ತನ್ನು ಮೊದಲ ಸೆಕೆಂಡಿನಿಂದ ಹಾಕಿದೆ. ಇಲ್ಲಿ ನಾನು ಹಟಮಾರಿ. ಅಲ್ಲಲ್ಲಿ ಓಡಿಸಿ, ಗೊತ್ತಿಲ್ಲದ ದೃಶ್ಯ ಬಂದಲ್ಲಿ ನಿಲ್ಲಿಸಿ ನೋಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಬೋರ್ಗನ್‌ನ ಪ್ರತಿ ಕಂತೂ ಅಧಿಕಾರದ ಬಗ್ಗೆ ಯಾರೋ ಹಿರಿಯರು ಹೇಳಿದ ಒಂದು ಉಕ್ತಿಯಿಂದ ಶುರುವಾಗುತ್ತದೆ. ಆ ಸಾಲು ತಲೆಯಲ್ಲಿ ಇಟ್ಟುಕೊಂಡು ನೋಡಿದರೆ ಮನೆಯೊಳಗಿನ ಮಾತೂ ಸಚಿವ ಸಂಪುಟದ ಮಾತೂ ಒಂದೇ ಎಳೆಯಲ್ಲಿ ಕೂಡುತ್ತವೆ. ಒಂಬತ್ತನೇ ಕಂತಿನ ಹೆಸರೇ ‘ಒಡೆದು ಆಳು’.

ಎರಡನೆಯದು, ಕೈಯಲ್ಲೊಂದು ಚೀಟಿ. ಅದರ ಮೇಲ್ಗಡೆ ದೊಡ್ಡದಾಗಿ 90 ಎಂದು ಬರೆದುಕೊಂಡೆ. ಡೆನ್ಮಾರ್ಕಿನ ಸಂಸತ್ತು ಫೋಲ್ಕೆಟಿಂಗ್‌ನಲ್ಲಿ 179 ಸ್ಥಾನ: ಡೆನ್ಮಾರ್ಕಿನಿಂದ 175, ಗ್ರೀನ್‌ಲ್ಯಾಂಡಿನಿಂದ 2, ಫೇರೋ ದ್ವೀಪಗಳಿಂದ 2. ಬಹುಮತಕ್ಕೆ 90 ಬೇಕು. ಎರಡನೇ ಕಂತಿನ ಹೆಸರೇ ‘ತೊಂಬತ್ತರವರೆಗೆ ಎಣಿಸು’. ಅದರ ಕೆಳಗೆ ಪಕ್ಷಗಳನ್ನು ಬರೆದೆ: ಬಿರ್ಗಿಟ್ಟೆಯ ಮಾಡರೇಟ್, ಅವಳ ಜೊತೆಗಿರುವ ಲೇಬರ್ ಮತ್ತು ಗ್ರೀನ್, ಎದುರಿಗೆ ಲಿಬರಲ್, ನ್ಯೂ ರೈಟ್, ಫ್ರೀಡಂ. ಇವೆಲ್ಲ ಧಾರಾವಾಹಿಗಾಗಿ ಹುಟ್ಟಿಸಿದ ಪಕ್ಷಗಳು. (ಮಾಡರೇಟ್ ಅನ್ನುವ ಹೆಸರಿನ ನಿಜವಾದ ಪಕ್ಷ ಅಲ್ಲಿ ಹುಟ್ಟಿದ್ದು ಹತ್ತು ವರ್ಷಕ್ಕೂ ಹೆಚ್ಚು ತಡವಾಗಿ, ಮಾಜಿ ಪ್ರಧಾನಿ ಲಾರ್ಸ್ ಲ್ಯೂಕೆ ರಾಸ್ಮುಸೆನ್ ಅದನ್ನು ಕಟ್ಟಿದಾಗ.) ಪ್ರತಿ ಪಕ್ಷದ ಪಕ್ಕದಲ್ಲಿ ಒಬ್ಬರ ಹೆಸರು ಸಾಕು. ಸಬ್‌ಟೈಟಲ್‌ನಲ್ಲಿ ಹೆಸರುಗಳು ಓಡಿಹೋಗುವಾಗ ಆ ಚೀಟಿ ಎಷ್ಟು ಸಲ ಕೈ ಹಿಡಿಯಿತೋ.

ಈ ಎಣಿಕೆ ಯಾಕೆ ಮುಖ್ಯ ಅಂದರೆ, ಡೆನ್ಮಾರ್ಕಿನಲ್ಲಿ ಸರ್ಕಾರಕ್ಕೆ ಬಹುಮತದ ಬೆಂಬಲ ಇರಲೇಬೇಕೆಂದಿಲ್ಲ. ಬಹುಮತ ಅದರ ವಿರುದ್ಧ ನಿಲ್ಲದಿದ್ದರೆ ಸಾಕು. ಹಾಗಾಗಿ ಅಲ್ಲಿ ಪ್ರಧಾನಿಯ ಕುರ್ಚಿ ದಿನಾ ಚೌಕಾಶಿಯ ಮೇಲೆ ನಿಂತಿರುತ್ತದೆ. ಯುದ್ಧವಿಮಾನದಂಥ ಖರೀದಿ ಬಂದರೆ ಒಂದು ಮಿತ್ರಪಕ್ಷ ಬೇಕು ಅನ್ನುತ್ತದೆ, ಇನ್ನೊಂದು ಕೂಡದು ಅನ್ನುತ್ತದೆ. ಇಂಥ ಹೊತ್ತಿನಲ್ಲಿ ಪ್ರಧಾನಿಯ ಗಂಡನ ಕಂಪನಿಯೇ ಆ ಖರೀದಿಯ ಬಾಲ ಹಿಡಿದಿದೆ ಅಂದರೆ? ಡೆನ್ಮಾರ್ಕ್ ನಿಜಕ್ಕೂ 27 ಎಫ್-35 ವಿಮಾನಗಳನ್ನು ಕೊಳ್ಳಲು ನಿರ್ಧರಿಸಿದ್ದು 2016ರಲ್ಲಿ, ಈ ಕಂತು ಬಂದದ್ದು 2010ರಲ್ಲಿ. ಅಷ್ಟು ಮೊದಲೇ ಆ ಚರ್ಚೆಯನ್ನು ಅಡುಗೆಮನೆ, ಮಲಗುವ ಕೋಣೆಯವರೆಗೂ ತಂದಿದ್ದಾರಲ್ಲ, ಅದೇ ಈ ಧಾರಾವಾಹಿಯ ಶಕ್ತಿ ಅಂತ ನನಗೆ ಕಾಣುತ್ತದೆ.

ಮೂರನೆಯದು ಭಾಷೆ. ಇಂಗ್ಲಿಷ್ ಡಬ್ಬಿಂಗ್ ಇದ್ದರೂ ಡ್ಯಾನಿಶ್ ಧ್ವನಿಯಲ್ಲೇ ನೋಡಿದೆ. ನನಗೆ ಡ್ಯಾನಿಶ್ ಬಾರದು. ಆದರೂ ಸಿಡ್ಸೆ ಬಬೆಟ್ ಕ್ನುಡ್ಸೆನ್ ಬಿರ್ಗಿಟ್ಟೆಯಾಗಿ ಮಾತಾಡುವಾಗ ಕಚೇರಿಯ ಧ್ವನಿ ಬೇರೆ, ಮನೆಯ ಧ್ವನಿ ಬೇರೆ. ಒಂಬತ್ತನೇ ಕಂತಿನಲ್ಲಿ ನನ್ನನ್ನು ತಟ್ಟಿದ್ದು ಇದೇ. ಗಂಡನ ಕೆಲಸದ ಮಾತು ಬಂದಾಗ ಕಚೇರಿಯ ಧ್ವನಿ ಮನೆಯೊಳಗೆ ಬಂದುಬಿಡುತ್ತದೆ. ಎದುರಿಗಿರುವವನು ಹೆಂಡತಿಯ ಮಾತು ಕೇಳುತ್ತಿಲ್ಲ, ಪ್ರಧಾನಿಯ ತೀರ್ಮಾನ ಕೇಳುತ್ತಿದ್ದಾನೆ. ಅಲ್ಲಿ ನಿಲ್ಲಿಸಿ, ಒಂದು ನಿಮಿಷ ಹಿಂದಕ್ಕೆ ಹೋಗಿ ಮತ್ತೆ ನೋಡಿದೆ. ಸಬ್‌ಟೈಟಲ್ ಓದದೆ ಮುಖಗಳನ್ನಷ್ಟೇ ನೋಡಿದೆ. ‘ಫಿಲಿಪ್ ಕೆಲಸ ಬಿಡಬೇಕಾಗುತ್ತದೆ’ ಅನ್ನುವ ಸಾರಾಂಶದ ಸಾಲಿನಲ್ಲಿ ಈ ಮುಖಗಳು ಇರಲಿಲ್ಲ.

ಆಮೇಲೆ ನೆನಪಾಯಿತು, ಇಬ್ಬರ ನಡುವೆ ಒಂದು ಒಪ್ಪಂದ ಇತ್ತು. ಐದು ವರ್ಷ ಒಬ್ಬರ ವೃತ್ತಿಗೆ, ಮುಂದಿನ ಐದು ವರ್ಷ ಇನ್ನೊಬ್ಬರಿಗೆ. ಹಿಂದೆ ಬೇರೆ ಕಂಪನಿಗಳ ಮೇಲಿನ ಹುದ್ದೆಗಳಲ್ಲಿದ್ದ ಫಿಲಿಪ್ ಮಕ್ಕಳು ಲೌರಾ, ಮಾಗ್ನುಸ್‌ಗಾಗಿ ಅದನ್ನೆಲ್ಲ ಬಿಟ್ಟು ಪಾಠ ಹೇಳುವ ಕೆಲಸ ಹಿಡಿದಿದ್ದವನು. ಆ ಮಾತು ಮೊದಮೊದಲ ಕಂತುಗಳಲ್ಲೇ ಬಂದಿತ್ತು, ನಾನು ಅದರ ಮೇಲೆ ದಾಟಿಹೋಗಿದ್ದೆ. ಒಂಬತ್ತನ್ನು ನೋಡಿದ ಮೇಲೆ ಅದಕ್ಕೆ ತೂಕ ಬಂತು.

ಒಂಬತ್ತು ಮುಗಿದ ಕೂಡಲೇ ಹತ್ತನ್ನು ಹಾಕಲಿಲ್ಲ. ಒಂದು ದಿನ ಬಿಟ್ಟು, ಮೊದಲಿನಿಂದ ಹಾಕಿದೆ. ಹಿಂದೆ ನೋಡಿದ ಕಾಲು ಗಂಟೆಯನ್ನೂ ಬಿಡಲಿಲ್ಲ. ಅವೇ ದೃಶ್ಯಗಳು, ಆದರೆ ಈ ಸಲ ಫಿಲಿಪ್ ಮೇಲೆ ಸಿಟ್ಟು ಬರಲಿಲ್ಲ. ಅವನು ವಿಚ್ಛೇದನದ ಮಾತು ಎತ್ತಿದಾಗ ಅಕ್ಕ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ‘ಅಕ್ಟೋಬರಿನ ಮೊದಲ ಮಂಗಳವಾರ’ ಅನ್ನುವುದು ಆ ಕಂತಿನ ಹೆಸರು. ಡೆನ್ಮಾರ್ಕಿನ ಸಂವಿಧಾನದ ಪ್ರಕಾರ ಸಂಸತ್ತಿನ ಹೊಸ ವರ್ಷ ಶುರುವಾಗುವ ದಿನ ಅದು. ಪ್ರಧಾನಿ ದೇಶದ ಸ್ಥಿತಿಗತಿಯ ಬಗ್ಗೆ ಸದನಕ್ಕೆ ವರದಿ ಒಪ್ಪಿಸಬೇಕು. ಮನೆ ಒಡೆಯುತ್ತಿರುವಾಗ ದೇಶ ಹೇಗಿದೆ ಎಂದು ಬರೆಯಬೇಕಾದವಳ ಕಷ್ಟ ಏನು ಅನ್ನುವುದು ಒಂಬತ್ತನೇ ಕಂತು ನೋಡದಿದ್ದರೆ ಅರ್ಧವೇ ತಿಳಿಯುತ್ತಿತ್ತು.

ಎಲ್ಲ ಕಂತುಗಳಿಗೂ ಇಷ್ಟು ಮಾಡಬೇಕೇ ಅಂತ ಕೇಳಿದವರಿದ್ದಾರೆ. ಆರನೇ ಕಂತು, ವಿದೇಶದ ಅಧ್ಯಕ್ಷನೊಬ್ಬ ಭೇಟಿಗೆ ಬರುವ ಕಥೆ, ಬಹುಪಾಲು ತನ್ನಷ್ಟಕ್ಕೆ ನಿಲ್ಲುತ್ತದೆ; ಅದು ತಪ್ಪಿದರೆ ಆಮೇಲೆ ನೋಡಬಹುದು. ನಾಲ್ಕನೆಯದೂ ಹಾಗೆಯೇ ಅಂದುಕೊಂಡಿದ್ದೆ. ಅದರಲ್ಲಿ ಬಿರ್ಗಿಟ್ಟೆ ಗ್ರೀನ್‌ಲ್ಯಾಂಡಿಗೆ ಹೋಗುತ್ತಾಳೆ. ಆದರೆ 2022ರಲ್ಲಿ ಬಂದ ನಾಲ್ಕನೇ ಸೀಸನ್ ಪೂರ್ತಿ ಗ್ರೀನ್‌ಲ್ಯಾಂಡಿನಲ್ಲಿ ಸಿಕ್ಕ ಎಣ್ಣೆಯ ಸುತ್ತಲೇ ತಿರುಗುತ್ತದೆ ಅಂತ ಅಕ್ಕ ಹೇಳಿದಾಗ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ.

ಈಗ ಆ್ಯಪ್‌ನಲ್ಲಿ ಮುಂದಿನ ಕಂತು ತಾನಾಗಿ ಶುರುವಾಗುವುದನ್ನು ಆಫ್ ಮಾಡಿಟ್ಟಿದ್ದೇನೆ. ನೋಡಿ ಮುಗಿಸಿದ ಕಂತಿನ ಸಂಖ್ಯೆಯನ್ನು ಅದೇ ಚೀಟಿಯ ಹಿಂದೆ ಬರೆಯುತ್ತೇನೆ. ನಿನ್ನೆ ಎರಡನೇ ಸೀಸನ್ನಿನ ಮೊದಲನೆಯದನ್ನು ಹಾಕಿದೆವು, ಅಫ್ಘಾನಿಸ್ತಾನದಲ್ಲಿರುವ ಡ್ಯಾನಿಶ್ ಸೈನಿಕರ ಕಥೆ. ಅರ್ಧಕ್ಕೆ ನನ್ನ ಕಣ್ಣು ಎಳೆಯುತ್ತಿತ್ತು. ಅಕ್ಕ ರಿಮೋಟ್ ತೆಗೆದುಕೊಂಡು ನಿಲ್ಲಿಸಿ, “ನಾಳೆ ಇಲ್ಲಿಂದ,” ಅಂದಳು.