ಬೊಳ್ಳನ ಶುಗರ್: ಸೂಜಿಗಿಂತ ಕಷ್ಟ ಊಟದ್ದು

ಬೆಕ್ಕಿಗೂ ಶುಗರ್ ಬರುತ್ತದೆ. ವಯಸ್ಸಾದ, ದಪ್ಪಗಿನ, ಮರಿ ಆಗದ ಹಾಗೆ ಆಪರೇಷನ್ ಆದ ಗಂಡು ಬೆಕ್ಕುಗಳಿಗೆ ಜಾಸ್ತಿ. ಉಡುಪಿಯ ನಮ್ಮ ಮನೆಯ ಬೊಳ್ಳನಿಗೆ ಇದೆ ಎಂದು ತಿಳಿದಾಗ ಎಲ್ಲರೂ ಕೇಳಿದ್ದು ಒಂದೇ: ದಿನಾ ಎರಡು ಹೊತ್ತು ಸೂಜಿ ಹೇಗೆ ಕೊಡುತ್ತೀರಿ ಮಾರಾಯ್ರೆ? ಸೂಜಿ ಬೇಗ ಕೈಗೆ ಹತ್ತಿತು. ಮೂರು ಬೆಕ್ಕು, ಒಂದು ನಾಯಿ ಇರುವ ಮನೆಯಲ್ಲಿ ನಿಜವಾಗಿ ಕಷ್ಟವಾದದ್ದು ಯಾರ ಬಟ್ಟಲಿಗೆ ಯಾರು ಬಾಯಿ ಹಾಕುತ್ತಾರೆ ಎನ್ನುವುದು.

ಲಕ್ಷಣ ಮೊದಲು ಕಂಡದ್ದು ಲಿಟರ್ ಟ್ರೇಯಲ್ಲಿ. ಮೂತ್ರದ ಉಂಡೆಗಳು ತೀರಾ ದೊಡ್ಡದಾಗಿದ್ದವು. ಯಾರದ್ದು ಎಂದು ತಿಳಿಯಲು ಬೆಕ್ಕುಗಳನ್ನು ರಾತ್ರಿ ಬೇರೆ ಬೇರೆ ಕೋಣೆಯಲ್ಲಿಟ್ಟೆವು. ಬೊಳ್ಳ ನೀರು ಕುಡಿಯುವುದು ಹೆಚ್ಚಿತ್ತು, ಊಟವೂ ಜೋರಾಗಿತ್ತು. ಆದರೂ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತಿದ್ದ. ಶುಗರ್ ನರಗಳಿಗೆ ಹೊಡೆದಾಗ ಹೀಗಾಗುತ್ತದೆ. ಬೆಕ್ಕಿಗೆ ಹೆದರಿಕೆಯಾದರೂ ರಕ್ತದಲ್ಲಿ ಸಕ್ಕರೆ ಏರುತ್ತದೆ. ಹಾಗಾಗಿ ಡಾಕ್ಟರು ಒಂದು ರೀಡಿಂಗ್ ನಂಬದೆ ಮೂತ್ರ ಪರೀಕ್ಷೆ ಮಾಡಿಸಿದರು, ಜೊತೆಗೆ ಹಿಂದಿನ ಎರಡು ಮೂರು ವಾರಗಳ ಸ್ಥಿತಿ ತೋರಿಸುವ ಫ್ರಕ್ಟೋಸಮೀನ್ ಪರೀಕ್ಷೆಯನ್ನೂ.

ಈಗ ಊಟದ ವಿಷಯ. ನಮ್ಮ ಕಡೆ ಬೆಕ್ಕಿನ ಊಟ ಎಂದರೆ ಬೂತಾಯಿ ತಲೆ ಬೇಯಿಸಿ ಕುಚ್ಚಲಕ್ಕಿ ಅನ್ನಕ್ಕೆ ಕಲಸಿ ಇಡುವುದು. ಮೀನು ಹಾಕಿದ್ದೇವಲ್ಲ ಅನಿಸುತ್ತದೆ, ಆದರೆ ಬಟ್ಟಲಲ್ಲಿ ಮುಕ್ಕಾಲು ಪಾಲು ಅನ್ನವೇ. ಜೊತೆಗೆ ಇಡೀ ದಿನ ತೆರೆದಿಟ್ಟ ಡ್ರೈ ಫುಡ್. ಶುಗರ್ ಇರುವ ಬೆಕ್ಕಿಗೆ ಎರಡೂ ಆಗದು. ಮೀನು ಮಾತ್ರ ಕೊಟ್ಟರೂ ಬೆಕ್ಕಿಗೆ ಬೇಕಾದ್ದೆಲ್ಲ ಸಿಗುವುದಿಲ್ಲ. ನಾವು ಪ್ರೋಟೀನ್ ಜಾಸ್ತಿ ಇರುವ ವೆಟ್ ಫುಡ್‌ಗೆ ಬಂದೆವು. ಮೇಲೆ ರುಚಿಗೆ ಸ್ವಲ್ಪ ಬೇಯಿಸಿದ ಬಂಗುಡೆ. ಜೂನ್, ಜುಲೈನಲ್ಲಿ ಮಲ್ಪೆಯ ಬೋಟುಗಳು ದಡದಲ್ಲಿರುವಾಗ ಕೋಳಿ.

ಪ್ಯಾಕೆಟ್ ಮೇಲೆ ಕಾರ್ಬೋಹೈಡ್ರೇಟ್ ಎಷ್ಟೆಂದು ಸಾಮಾನ್ಯವಾಗಿ ಬರೆದಿರುವುದಿಲ್ಲ. ಲೆಕ್ಕ ಹಾಕಬಹುದು. 100ರಿಂದ ಪ್ರೋಟೀನ್, ಕೊಬ್ಬು, ನಾರು, ಬೂದಿ (ಎಂದರೆ ಖನಿಜಾಂಶ), ತೇವಾಂಶ ಇವುಗಳ ಶೇಕಡಾ ಪ್ರಮಾಣ ಕಳೆದರೆ ಉಳಿಯುವುದು ಅದೇ. ತೇವಾಂಶ 80, ಪ್ರೋಟೀನ್ 11, ಕೊಬ್ಬು 5, ಬೂದಿ 2, ನಾರು 0.5 ಇದ್ದರೆ ಉಳಿಯುವುದು 1.5. ಡ್ರೈ ಫುಡ್‌ನಲ್ಲಿ ಇದೇ ಲೆಕ್ಕ ಎಷ್ಟೋ ಸಲ 30 ದಾಟುತ್ತದೆ. ತೇವಾಂಶದ ವ್ಯತ್ಯಾಸ ಬಿಟ್ಟು ನೋಡಿದರೂ ಡ್ರೈ ಫುಡ್‌ನದ್ದೇ ತುಂಬಾ ಜಾಸ್ತಿ. ಆದರೆ ಇನ್ಸುಲಿನ್ ಶುರುವಾದ ಮೇಲೆ ಡಾಕ್ಟರಿಗೆ ಹೇಳದೆ ಊಟ ಬದಲಿಸಬಾರದು. ಕಾರ್ಬೋಹೈಡ್ರೇಟ್ ಇಳಿದರೆ ಇನ್ಸುಲಿನ್ ಕೂಡ ಕಡಿಮೆ ಸಾಕಾಗುತ್ತದೆ. ಹಳೆಯ ಡೋಸನ್ನೇ ಕೊಟ್ಟರೆ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಬೊಳ್ಳನ ಊಟ ಉಳಿದ ಬೆಕ್ಕುಗಳು ತಿಂದರೆ ತೊಂದರೆ ಇಲ್ಲ. ಅವರದ್ದು ಇವನು ತಿನ್ನಬಾರದು, ಅಷ್ಟೇ. ಹಾಗಾಗಿ ಎಲ್ಲರಿಗೂ ಹೊತ್ತು ಹೊತ್ತಿಗೆ ಊಟ ಎಂದು ಮಾಡಿದೆವು, ಬಟ್ಟಲು ಖಾಲಿಯಾದ ಕೂಡಲೇ ಎತ್ತಿಬಿಡುವುದು. ಬೆಕ್ಕುಗಳಲ್ಲಿ ಕುಟ್ಟಿ ಸಣ್ಣವಳು, ನಡು ನಡುವೆ ತಿನ್ನಬೇಕು. ಅವಳಿಗೆ ಒಂದು ಮರದ ಪೆಟ್ಟಿಗೆ ಮಾಡಿದೆವು. ಅದರ ತೂತಿನಲ್ಲಿ ಅವಳ ತಲೆ ನುಗ್ಗುತ್ತದೆ, ಬೊಳ್ಳನದ್ದು ಕಿವಿಯ ಹತ್ತಿರ ಸಿಕ್ಕಿಕೊಳ್ಳುತ್ತದೆ. ನಾಯಿಯ ಅನ್ನದ ತಟ್ಟೆ ಹಿತ್ತಲಿಗೆ ಹೋಯಿತು, ಬಾಗಿಲು ಹಾಕಿ. ಪಕ್ಕದ ಮನೆಯವರಿಗೂ ಹೇಳಿದೆವು. ಅವರು ಪ್ರೀತಿಯಿಂದಲೇ ಹಾಲು, ಅನ್ನ ಹಾಕುತ್ತಿದ್ದರು. ಕಾರಣ ತಿಳಿದ ಮೇಲೆ ಅವರೇ ಬೊಳ್ಳನನ್ನು ಎತ್ತಿ ತಂದು ಬಿಡುತ್ತಾರೆ.

ಇನ್ಸುಲಿನ್ ಗ್ಲಾರ್ಜಿನ್, 12 ಗಂಟೆಗೊಮ್ಮೆ. ಶುರುವಿಗೆ 1 ಯೂನಿಟ್ ಎಂದು ಡಾಕ್ಟರು ಹೇಳಿದರು. ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ನಮ್ಮಲ್ಲಿ ಎರಡು ಬಗೆಯ ಸಿರಿಂಜ್ ಸಿಗುತ್ತದೆ: ಕೆಂಪು ಮುಚ್ಚಳದ್ದು ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವ ಇನ್ಸುಲಿನ್‌ಗೆ, ಕಿತ್ತಳೆ ಬಣ್ಣದ್ದು 100 ಯೂನಿಟ್ ಇರುವುದಕ್ಕೆ. ಗ್ಲಾರ್ಜಿನ್ 100ರದ್ದು. ಒಂದು ಮೆಡಿಕಲ್‌ನಲ್ಲಿ ನನಗೆ ಕೆಂಪು ಮುಚ್ಚಳದ್ದನ್ನು ಕಟ್ಟಿ ಕೊಟ್ಟರು. ಅದರಲ್ಲಿ 1ರ ಗೆರೆಗೆ ಎಳೆದರೆ ಬೆಕ್ಕಿನ ಮೈಗೆ ಹೋಗುವುದು ಎರಡೂವರೆ ಯೂನಿಟ್. ಸಣ್ಣ ಜೀವಕ್ಕೆ ಅದು ಪ್ರಾಣಕ್ಕೇ ಕುತ್ತು. ಮುಚ್ಚಳದ ಬಣ್ಣ ನೋಡಿ, ಸಿರಿಂಜ್ ಮೇಲೆ ಬರೆದದ್ದನ್ನೂ ಓದಿ.

ಬೊಳ್ಳ ತಿನ್ನುತ್ತಿರುವಾಗ ಪಕ್ಕೆಯ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿದರೆ ಡೇರೆಯ ಹಾಗೆ ನಿಲ್ಲುತ್ತದೆ. ಅದರ ಬುಡದಲ್ಲಿ ಸೂಜಿ. ತಲೆ ಕೂಡ ಎತ್ತುವುದಿಲ್ಲ. ರೋಮ ಒದ್ದೆಯಾಯಿತಾ ಎಂದು ಮುಟ್ಟಿ ನೋಡುತ್ತೇನೆ. ಔಷಧಿ ಹೊರಗೆ ಚೆಲ್ಲಿದ ಅನುಮಾನ ಬಂದರೂ ಮತ್ತೆ ಕೊಡುವುದಿಲ್ಲ. ತಿನ್ನದಿದ್ದರೆ ಸೂಜಿ ಇಲ್ಲ, ಮೊದಲು ಡಾಕ್ಟರಿಗೆ ಫೋನ್.

ಶುಗರ್ ಮನೆಯಲ್ಲೇ ನೋಡುತ್ತೇವೆ. ಬಿಸಿ ಬಟ್ಟೆಯಿಂದ ಕಿವಿ ಬೆಚ್ಚಗೆ ಮಾಡಿ ಅಂಚಿಗೆ ಚುಚ್ಚಿದರೆ ಒಂದು ಹನಿ ಬರುತ್ತದೆ. ಮನುಷ್ಯರ ಮೀಟರ್ ಬೆಕ್ಕಿಗೆ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ತೋರಿಸುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಬೇಗ ಕೆಡುತ್ತದೆ, ಡಬ್ಬಿ ತೆಗೆದ ಕೂಡಲೇ ಮುಚ್ಚಬೇಕು. ರೀಡಿಂಗ್ 60ಕ್ಕಿಂತ ಕೆಳಗೆ ಬಂದರೆ ಅಥವಾ ಬೆಕ್ಕು ತೂರಾಡಿದರೆ, ಒಸಡಿಗೆ ಜೇನು ಸವರಿ ತಕ್ಷಣ ಡಾಕ್ಟರ ಹತ್ತಿರ ಓಡಬೇಕು. ಜೇನಿನ ಬಾಟಲಿ ಫ್ರಿಜ್ ಮೇಲೆಯೇ ಇದೆ.

ಸೂಜಿ ಕೊಡುವವರು ಮನೆಯಲ್ಲಿ ಇಬ್ಬರು. ಕೊಟ್ಟವರು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಬೇಕು. ಕೊಟ್ಟೆವಾ ಇಲ್ವಾ ಎಂದು ಸಂಶಯ ಬಂದರೆ ಆ ಹೊತ್ತಿನದ್ದು ಬಿಡುತ್ತೇವೆ. ಒಂದು ಡೋಸ್ ತಪ್ಪಿದರೆ ಸುಧಾರಿಸಬಹುದು, ಒಂದೇ ಹೊತ್ತಿಗೆ ಎರಡು ಸಲ ಕೊಟ್ಟುಬಿಟ್ಟರೆ ಕಷ್ಟ.

ಈಗ ಬೊಳ್ಳನ ಡೋಸ್ ಇಳಿದಿದೆ, ಹಿಂಗಾಲೂ ಗಟ್ಟಿಯಾಗುತ್ತಿದೆ. ಮೊದಲ ತಿಂಗಳುಗಳಲ್ಲೇ ಶುಗರ್ ಹತೋಟಿಗೆ ಬಂದರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಪೂರ್ತಿ ನಿಲ್ಲುವುದೂ ಉಂಟು. ನಿಂತರೂ ಕಾಯಿಲೆ ಮರಳಿ ಬರಬಹುದು. ಹಾಗಾಗಿ ಅನ್ನ, ಡ್ರೈ ಫುಡ್ ಅವನ ಬಟ್ಟಲಿಗೆ ಇನ್ನು ಇಲ್ಲ.