ಟರ್ಮಿನಲ್‌ನಲ್ಲಿ ಲೆಕ್ಕ ಓರಣವಾಗಿ ಕಾಣಲು ಹೀಗೆ ಮಾಡಿ

ಕಿರಾಣಿ ಲೆಕ್ಕದ ಫೈಲೊಂದನ್ನು ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ತೆರೆದಿರಿ ಎನ್ನಿ. ಹೆಸರು, ಕಿಲೋ, ರೂಪಾಯಿ ಮೂರೂ ‘ಅಕ್ಕಿ,25,1450’ ಎಂದು ಅಂಟಿಕೊಂಡೇ ಬರುತ್ತವೆ. ಅಲ್ಪವಿರಾಮದ ಜಾಗಕ್ಕೆ ಟ್ಯಾಬ್ ಹಾಕಿದರೂ ಪೂರ್ತಿ ಸರಿಹೋಗದು. ಟ್ಯಾಬ್ ನಿಲ್ಲುವುದು 8 ಅಕ್ಷರಕ್ಕೊಮ್ಮೆ. ಒಂದು ಹೆಸರಿಗೆ 7 ಅಕ್ಷರ, ಇನ್ನೊಂದಕ್ಕೆ 9 ಇದ್ದರೆ ಎರಡನೆಯ ಸಾಲಿನ ಅಂಕಿ ಒಂದು ಮನೆ ಮುಂದೆ ಹೋಗಿ ಕೂರುತ್ತದೆ.

ಇದಕ್ಕೆಂದೇ ಲಿನಕ್ಸ್, ಮ್ಯಾಕ್ ಎರಡರಲ್ಲೂ ‘ಕಾಲಂ’ ಎಂಬ ಕಮಾಂಡ್ ಇದೆ. ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಹೀಗೆ ಟೈಪ್ ಮಾಡಿ:

ಕಾಲಂ -ಟಿ -ಎಸ್ ',' ಲೆಕ್ಕ.ಸಿಎಸ್‌ವಿ

‘ಟಿ’ ಎಂದರೆ ಟೇಬಲ್ ಮಾಡು. ‘ಎಸ್’ ಮುಂದಿರುವುದು ಎಲ್ಲಿ ಕತ್ತರಿಸಬೇಕೆಂಬ ಗುರುತು. ಫೈಲಿನಲ್ಲಿ ಖಾಲಿ ಬಿಟ್ಟ ಜಾಗಗಳಿದ್ದರೆ ಮೊದಲೇ ಅಲ್ಲೊಂದು ಅಡ್ಡಗೆರೆ ಹಾಕಿಡಿ. ಕೆಲವು ಆವೃತ್ತಿಗಳು ಜೋಡಿ ಅಲ್ಪವಿರಾಮವನ್ನು ಒಂದೇ ಎಂದು ಓದುತ್ತವೆ. ಆಗ ರೂಪಾಯಿ ಬಂದು ಕಿಲೋ ಜಾಗದಲ್ಲಿ ಕೂರುತ್ತದೆ.

ಮುಂದಿನದು ಅಂಕಿಗಳ ಸರದಿ. ಶಾಲೆಯಲ್ಲಿ ಕೂಡುವ ಲೆಕ್ಕ ಬರೆದಂತೆ ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ಬರಬೇಕು. ಹಾಗೆ ಬಂದರೆ 145 ಯಾವುದು, 1450 ಯಾವುದು ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಲಿನಕ್ಸ್‌ನ ಈಗಿನ ಆವೃತ್ತಿಗಳಲ್ಲಿ ಮೇಲಿನ ಕಮಾಂಡಿಗೆ ‘-ಆರ್ 2,3’ ಸೇರಿಸಿ. ಆರ್ ಮಾತ್ರ ದೊಡ್ಡಕ್ಷರ. ಎರಡು, ಮೂರನೇ ಕಾಲಂಗಳು ಬಲಕ್ಕೆ ಸರಿದು ನಿಲ್ಲುತ್ತವೆ. ಮ್ಯಾಕ್‌ನ ಕಮಾಂಡಿಗೆ ಈ ಸೌಲಭ್ಯವಿಲ್ಲ.

ಒಂದು ಮಿತಿ ನೆನಪಿರಲಿ. ಅತಿ ಉದ್ದದ ಹೆಸರು ಯಾವುದೆಂದು ಗೊತ್ತಾಗಲು ಈ ಕಮಾಂಡ್ ಕೊನೆಯ ಸಾಲಿನವರೆಗೂ ಓದಲೇಬೇಕು. ಹಾಗಾಗಿ ಸತತವಾಗಿ ಬೆಳೆಯುತ್ತಿರುವ ಲಾಗ್ ಫೈಲಿನ (ಕಂಪ್ಯೂಟರ್ ತಾನೇ ಬರೆಯುತ್ತಾ ಹೋಗುವ ದಾಖಲೆಯ) ಸಾಲುಗಳನ್ನು ಬಂದ ಹಾಗೇ ನಿಲ್ಲಿಸದೆ ಇದಕ್ಕೆ ಕೊಡುತ್ತಿದ್ದರೆ ಪರದೆಯ ಮೇಲೆ ಏನೂ ಮೂಡದು. ಅಲ್ಲಿ ‘ಪ್ರಿಂಟ್‌ಎಫ್’ ಎಂಬ ಇನ್ನೊಂದು ಕಮಾಂಡ್ ಬಳಸಿ, ಅಗಲ ನೀವೇ ಕೊಡಿ: ‘%-12ಎಸ್’ ಎಂದರೆ 12 ಅಗಲ, ಎಡಕ್ಕೆ, ‘%8ಡಿ’ ಎಂದರೆ 8 ಅಗಲದ ಅಂಕಿ, ಬಲಕ್ಕೆ.

ಹೆಸರುಗಳನ್ನು ಕನ್ನಡದಲ್ಲೇ ಬರೆಯುವವರಿಗೆ ನಿಜವಾದ ತೊಡಕು ಇಲ್ಲಿದೆ. ‘ಅಕ್ಕಿ’ ನಮ್ಮ ಕಣ್ಣಿಗೆ ಎರಡಕ್ಷರ. ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡ್‌ನಲ್ಲಿ ಅದು ಅ, ಕ, ಹಲಂತ, ಕ, ಗುಡಿಸು ಎಂದು 5 ಸಂಕೇತ. ಆ ಸಂಕೇತಗಳನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15. ಬ್ಯಾಶ್‌ನ (ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಪ್ರಿಂಟ್‌ಎಫ್ ‘%-12ಎಸ್’ ಅಗಲವನ್ನು ಬೈಟ್‌ನಲ್ಲೇ ಎಣಿಸುವುದರಿಂದ 12 ಆಗಲೇ ಮೀರಿತೆಂದು ಒಂದು ಸ್ಪೇಸನ್ನೂ ಸೇರಿಸುವುದಿಲ್ಲ. ಎರಡಕ್ಷರದ ಹೆಸರಿಗೆ ಅಂಕಿ ಬಂದು ಅಂಟಿಕೊಳ್ಳುತ್ತದೆ. ನಾನು ಕಂಡುಕೊಂಡ ಸುಲಭದ ದಾರಿ ಎಂದರೆ ಕಿಲೋ, ರೂಪಾಯಿ ಮೊದಲು ಬರೆದು ಕನ್ನಡದ ಹೆಸರನ್ನು ಕೊನೆಯ ಕಾಲಂಗೆ ಹಾಕುವುದು. ಅದರ ಬಲಕ್ಕೆ ಇನ್ನೇನೂ ಇಲ್ಲದ್ದರಿಂದ ಹೆಸರು ಎಷ್ಟೇ ಉದ್ದವಿರಲಿ, ಅಂಕಿಗಳ ಸಾಲು ಅಲುಗುವುದಿಲ್ಲ.