ಮನಿ ಮಂದಿ ಹೋಗೋ-ಬರೋ ಟೈಮ್ ಬದಲಾದಾಗ ನಾಯಿ-ಬೆಕ್ಕಿಗೆ ರೂಢಿ ಮಾಡ್ಸೋದು ಹೆಂಗ?

ಹೋದ ವರ್ಷ ನಮ್ಮ ಮನಿಯಾಕಿಗೆ ವಿಜಯಪುರದಾಗ ಕೆಲಸಾ ಸಿಕ್ತು, ಅದ ವಾರ ಸೂಟಿ ಮುಗದು ಹುಡುಗ್ರೂ ಸಾಲಿಗೆ ಹೊಂಟ್ರು, ಬಾಗಲಕೋಟಿ ಮನ್ಯಾಗ ಮುಂಜಾನೆಯಿಂದ ಸಂಜಿತನಾ ನಮ್ಮ ಮುಧೋಳ ನಾಯಿ ರಾಣಿ ಒಂದ ಉಳೀತು. ಮೂರನೇ ದಿನಕ್ಕ ಬಾಗಲಾ ಕೆರದು ಕೆರದು ಬಣ್ಣಾ ಕಿತ್ತಿತ್ತು, ರೊಟ್ಟಿ ಮುಟ್ಟಿರ್ಲಿಲ್ಲ. ನಾ ಬಂದಾಂವ್ನ ಬೈದೆ. ಅದು ತಪ್ಪ್ರೀ. ತಾಸಗಟ್ಲೆ ಹಿಂದ ಮಾಡಿದ್ದಕ್ಕ ಈಗ ಬೈತಾರಂತ ನಾಯಿಗೆ ತಿಳಿಯಂಗಿಲ್ಲ, ನೀವು ಮನಿಗೆ ಬರೋದಕ್ಕೂ ಅಂಜಾಕ ಸುರು ಮಾಡ್ತೈತಿ ಅಷ್ಟ.

ನಾಯಿ ಗಡಿಯಾರ ನೋಡಂಗಿಲ್ಲ, ನಮ್ಮನ್ನ ನೋಡ್ತೈತಿ. ಚಾವಿ ಸಪ್ಪಳ, ಹೆಲ್ಮೆಟ್, ಡಬ್ಬಿ ಕಟ್ಟೋದು, ಇಷ್ಟಕ್ಕ ಗಾಬ್ರಿ ಹತ್ತತೈತಿ. ಅದಕ್ಕ ಮೊದಲ ಈ ಸಪ್ಪಳದ ಅಂಜಿಕಿ ತಗೀರಿ, ಚಾವಿ ಹಿಡಕೊಂಡು ಎಲ್ಲೂ ಹೋಗದ ಕುಂತು ಚಹಾ ಕುಡೀರಿ, ಹೆಲ್ಮೆಟ್ ಹಾಕ್ಕೊಂಡು ಪಡಸಾಲ್ಯಾಗ ಅಡ್ಡಾಡಿ ತಗದಿಡ್ರಿ, ದಿನಕ್ಕ ನಾಕೈದು ಸಲ. ಆಮ್ಯಾಲ ಹೊರಗ ಹೋಗಿ ಅರ್ಧ ನಿಮಿಷಕ್ಕ ವಾಪಸ್ ಬರ್ರಿ, ಸುಮ್ನ ಇತ್ತಂದ್ರ ಎರಡು ನಿಮಿಷ, ಐದು, ಹತ್ತು, ಅರ್ಧ ತಾಸು. ಹೋದ ಮ್ಯಾಲಿನ ಮೊದಲ ಅರ್ಧ ತಾಸಿನ್ಯಾಗ ಗಾಬ್ರಿ ಭಾಳ ಇರ್ತೈತಿ, ಹಳೆ ಫೋನ್‌ನ್ಯಾಗ ವಿಡಿಯೋ ಹಚ್ಚಿಟ್ಟು ಹೋಗ್ರಿ, ನಿಜಾ ಗೊತ್ತಾಗ್ತೈತಿ. ಊಳಿಡಾಕತ್ತಿತ್ತಂದ್ರ ನೀವು ಅವಸರಾ ಮಾಡೀರಿ ಅಂತ, ಮತ್ತ ಹಿಂದಿನ ಟೈಮಿಗೆ ಬರ್ರಿ.

ಹೊಸಾ ಟೈಮ್ ಮೊದಲ ಗೊತ್ತಿದ್ರ ಎರಡು ವಾರ ಮುಂಚೇನ ಸುರು ಮಾಡ್ರಿ. ಊಟದ ಟೈಮ್ ದಿನಕ್ಕ ಹತ್ತು-ಹದಿನೈದು ನಿಮಿಷ ಅಷ್ಟ ಸರಸ್ರಿ.

ಎಲ್ಲಾ ಬದಲಾದ್ರೂ ಒಂದು ಹೊತ್ತು ಮಾತ್ರ ಬದಲಿ ಮಾಡಬ್ಯಾಡ್ರಿ, ಇದನ್ನ ನಾ ಕೈಮುಗದು ಹೇಳ್ತೀನಿ. ನಮ್ಮದು ಮುಂಜಾನೆ ಆರರ ಅಡ್ಡಾಟ. ಮುಧೋಳ ನಾಯಿ ಬ್ಯಾಟಿಗೆ ಓಡಾಕ ಹುಟ್ಟಿದ್ದು, ದಿನಾ ಇಡೀ ಸರಪಳಿ ಹಾಕಿ ಕಟ್ಟಿದ್ರ ಗಾಬ್ರಿ ಇಲ್ಲದ್ದಕ್ಕೂ ಗಾಬ್ರಿ ಬರ್ತೈತಿ. ನಮ್ಮ ಕಡೆ ಬ್ಯಾಸಗ್ಯಾಗ 40 ಡಿಗ್ರಿ ದಾಟತೈತಿ, ಬಿಸಲೇರಿದ ಮ್ಯಾಲ ಡಾಂಬರ್ ಮ್ಯಾಲ ಓಡಸಬ್ಯಾಡ್ರಿ, ಕಾಲು ಸುಡ್ತಾವು. ಅಡ್ಡಾಡಿ ಬಂದು ದಣದಾಗ ಹಳೆ ಅರಬ್ಯಾಗ ರೊಟ್ಟಿ ಚೂರು ಸುತ್ತಿ ಕೊಟ್ಟು ಹೊಂಡ್ರಿ, ಮೂಸಿ ಹುಡುಕೋದ್ರಾಗ ಅದರ ಮನಸ್ಸು ತಣ್ಣಗಾಗ್ತೈತಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಪಲ್ಯಾ ಮಾತ್ರ ಹಚ್ಚಬ್ಯಾಡ್ರಿ, ನಾಯಿ-ಬೆಕ್ಕು ಎರಡಕ್ಕೂ ವಿಷ ಅದು. ಹೋಗೋ ಮುಂದ ಅಪ್ಪಿ ಮುದ್ದಾಡೋದೂ ಬ್ಯಾಡ, ಸುಮ್ನ ಹೋಗ್ರಿ, ಸುಮ್ನ ಬರ್ರಿ.

ಬೆಕ್ಕು ಬ್ಯಾರೇ ಥರ, ಅದು ಗದ್ಲಾ ಮಾಡಂಗಿಲ್ಲ, ಮಂಚದ ಕೆಳಗ ಸೇರಿ ಬಿಡ್ತೈತಿ. ಜಗ್ಗಿ ತಗೀಬ್ಯಾಡ್ರಿ, ಒಂದು ರಟ್ಟಿನ ಡಬ್ಬಿ, ಕುಂಡ್ರಾಕ ಎತ್ತರದ ಜಾಗಾ ಕೊಡ್ರಿ, ತಾನ ಬರ್ತೈತಿ. ಆದ್ರ ಒಂದು ದಿನಕ್ಕಿಂತ ಜಾಸ್ತಿ ಏನೂ ತಿನ್ನಲಿಲ್ಲಂದ್ರ ಪಶು ಡಾಕ್ಟರ್ ಹಂತ್ಯಾಕ ಒಯ್ರಿ, ಗಂಡ ಬೆಕ್ಕು ಉಚ್ಚಿ ಹೊಯ್ಯಾಕ ತಿಣುಕಾಡ್ತಿದ್ರಂತೂ ಅದ ತಾಸಿನ್ಯಾಗ ಒಯ್ರಿ. ನಾಯೀನೂ ಹಂಗ, ತನ್ನ ಕಾಲು ತಾನ ಕಚ್ಕೊಳ್ಳೋದು, ಎರಡು ದಿನ ಉಪವಾಸ ಬಿದ್ರ ತೋರಸ್ರಿ. ಮನ್ಯಾಗಿನ ನಮ್ಮ ಗುಳಿಗಿ ಕೊಡಬ್ಯಾಡ್ರಿ, ಪ್ಯಾರಾಸಿಟಮಾಲ್ ಒಂದು ಗುಳಿಗಿ ಸಾಕು ಬೆಕ್ಕಿನ ಜೀವಾ ತಗಿಯಾಕ.